ಕುಂಬಳೆ ಸ್ಟೇಷನ್ನಿಗೆ ಹೊಸಬರಾ?

ಘಟ್ಟದ ಮೇಲಿಂದ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಗೆ ಬಂದು ಮನೆ ಮಾಡಿದವರಿಗೆ ಮೊದಲ ವಾರವೇ ಒಂದು ಗಾಬರಿ ಕಾದಿರುತ್ತದೆ. ಸ್ಟೇಷನ್ನಿನಲ್ಲಿ ‘ಮಂಗಲಾಪುರಂ’ ರೈಲು ಬರುತ್ತದೆ ಅಂತ ಕೂಗುತ್ತಾರೆ. ಅದು ನಮ್ಮ ಮಂಗಳೂರೇ, ಹತ್ತಿ. ಮಲಯಾಳದಲ್ಲಿ ಹೆಸರು ಹಾಗೆ. ತುಳುವರಿಗೆ ಅದು ಕುಡ್ಲ, ಬ್ಯಾರಿಗಳಿಗೆ ಮೈಕಾಲ, ಕೊಂಕಣಿಯವರಿಗೆ ಕೊಡಿಯಾಲ. ಒಂದೇ ಬೋಗಿಯಲ್ಲಿ ಎಲ್ಲವೂ ಕಿವಿಗೆ ಬೀಳುತ್ತವೆ. ನೀವು ಕನ್ನಡದಲ್ಲೇ ಮಾತಾಡಿ, ಉತ್ತರ ಸಿಗುತ್ತದೆ.

ಯಕ್ಷಗಾನದ ಪಾರ್ತಿಸುಬ್ಬನ ಊರು ಅಂತ ದೊಡ್ಡ ಸ್ಟೇಷನ್ ನಿರೀಕ್ಷಿಸಬೇಡಿ. ದೂರದ ಎಕ್ಸ್‌ಪ್ರೆಸ್ಸುಗಳು ಹೆಚ್ಚಿನವು ಇಲ್ಲಿ ನಿಲ್ಲುವುದಿಲ್ಲ, ಅವಕ್ಕೆ ಕಾಸರಗೋಡಿಗೇ ಹೋಗಬೇಕು. ದಿನಾ ಓಡಾಡುವವರು ಸೀಸನ್ ಟಿಕೆಟ್ ಮಾಡಿಸಿಕೊಳ್ಳಿ. ಬಸ್ಸಿಗೆ ಹೋಲಿಸಿದರೆ ಖರ್ಚು ತುಂಬಾ ಕಡಿಮೆ.

ಈ ಹಳಿ ಮಂಗಳೂರು ಮುಟ್ಟಿದ್ದು 1907ರಲ್ಲಿ. ಆಗ ನಡುವೆ ಗಡಿ ಎಲ್ಲಿತ್ತು? ಕುಂಬಳೆ, ಮಂಜೇಶ್ವರ, ಮಂಗಳೂರು ಎಲ್ಲವೂ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದವು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಜನರ ಓಡಾಟ ಮಾತ್ರ ದಿಕ್ಕು ಬದಲಿಸಲಿಲ್ಲ. ಕಾಲೇಜಿಗೆ, ಆಸ್ಪತ್ರೆಗೆ, ಮದುವೆ ಜವಳಿಗೆ ಮಂಗಳೂರೇ ಬೇಕು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ರೈಲೂ ನಿಂತು, ಗಡಿಯ ತಲಪಾಡಿಯಲ್ಲಿ ರಸ್ತೆಯೂ ಮುಚ್ಚಿದಾಗ ಗಡಿ ಅಂದರೆ ಏನು ಅಂತ ನಮಗೆ ಸರಿಯಾಗಿ ಗೊತ್ತಾಯಿತು. ಆಸ್ಪತ್ರೆಗೆ ಹೋಗಬೇಕಾದವರ ಪಾಡು ಈಗಲೂ ಇಲ್ಲಿನವರ ಮಾತಿನಲ್ಲಿ ಬರುತ್ತದೆ.

ಹೊಸಬರು ಜಾಸ್ತಿ ಎಡವುವುದು ಮಂಗಳೂರಿನ ಎರಡು ಸ್ಟೇಷನ್ನುಗಳಲ್ಲಿ. ಸೆಂಟ್ರಲ್ ಪೇಟೆಯೊಳಗಿದೆ, ಹಂಪನಕಟ್ಟೆಗೆ ನಡೆದೇ ಹೋಗಬಹುದು. ಜಂಕ್ಷನ್ ಇರುವುದು ಪಡೀಲ್ ಕಡೆ. ಹಳಬರು ಅದನ್ನು ಈಗಲೂ ಕಂಕನಾಡಿ ಸ್ಟೇಷನ್ ಅನ್ನುತ್ತಾರೆ. ಕೇರಳದಿಂದ ಕೊಂಕಣದ ದಾರಿಯಾಗಿ ಮುಂಬೈಗೆ ಹೋಗುವ ನೇತ್ರಾವತಿಯಂಥ ರೈಲು ಸೆಂಟ್ರಲ್‌ಗೆ ಬರುವುದೇ ಇಲ್ಲ. ನಾನೂ ಹೊಸದರಲ್ಲಿ ಕಾಸರಗೋಡಿನಿಂದ ಅಂಥದ್ದನ್ನೇ ಹತ್ತಿದ್ದೆ. ಇಳಿದ ಮೇಲೆ ಪೇಟೆಗೆ ರಿಕ್ಷಾಕ್ಕೆ ಕೊಟ್ಟದ್ದು ರೈಲಿನ ಟಿಕೆಟಿಗಿಂತ ಎಷ್ಟೋ ಜಾಸ್ತಿ!

ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆ. ಉಪ್ಪಳ, ಮಂಜೇಶ್ವರ, ಉಳ್ಳಾಲ ಕಳೆದು ನೇತ್ರಾವತಿ ಸೇತುವೆ ಬಂತು ಅಂದರೆ ಎಲ್ಲರೂ ಚೀಲ ಇಳಿಸಿಕೊಂಡು ಬಾಗಿಲಿಗೆ ಬರುತ್ತಾರೆ. ಹೊಳೆ ದಾಟಿದ ಮೇಲೆ ರೈಲು ಬಲಕ್ಕೆ ಹೊರಳಿತೋ, ಅದು ಜಂಕ್ಷನ್ನಿನದ್ದು. ಪಕ್ಕದವರನ್ನು ಮೊದಲೇ ಕೇಳಿಕೊಳ್ಳಿ ಮಾರಾಯ್ರೆ, ಯಾರೂ ನಗುವುದಿಲ್ಲ.