ಮಣ್ಣಿನ ತಟ್ಟೆಯ ಮೇಲೆ ಅರಳಿ ಎಲೆಯ ಅಚ್ಚು

ಖಾನಾಪುರದ ಜೇಡಿಮಣ್ಣಿನಲ್ಲಿ ಅಲಂಕಾರದ ತಟ್ಟೆ ಮಾಡುವವರು ಅರಳಿ ಎಲೆಯ ಅಚ್ಚು ಮೂಡಿಸಬೇಕೆಂದರೆ, ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದ ಮಣ್ಣಿನ ಮೇಲೆ, ನರಗಳು ಉಬ್ಬಿರುವ ಹಿಂಬದಿ ತಾಗುವಂತೆ ಎಲೆಯನ್ನಿಟ್ಟು ಲಟ್ಟಣಿಗೆಯನ್ನು ಒಮ್ಮೆ ಮಾತ್ರ ಒತ್ತಿ ಉರುಳಿಸಬೇಕು. ಎರಡನೆಯ ಸಲ ಉರುಳಿಸಿದರೆ ಎಲೆ ಜರುಗಿ ಗೆರೆಗಳು ಜೋಡಿಯಾಗಿ ಮೂಡುತ್ತವೆ. ತೊಟ್ಟು ಹಿಡಿದು ಮೆಲ್ಲಗೆ ಎತ್ತಿದಾಗ, ಎಲೆಯ ಬಾಲದ ತುದಿಯವರೆಗೂ ಕೂದಲೆಳೆಯಂಥ ಗೆರೆಗಳು ಕಾಣಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಒಣಗಿಸುವಾಗ. ನಮ್ಮ ವಿಜಯಪುರದ ಬೇಸಿಗೆಯ ಬಿಸಿಗಾಳಿಗೆ, ನಡುಭಾಗ ಇನ್ನೂ ಹಸಿಯಿರುವಾಗಲೇ ಅಂಚು ಒಣಗಿ ಕುಗ್ಗುವುದರಿಂದ ತಟ್ಟೆ ಬಿರುಕು ಬಿಡುತ್ತದೆ. ಕಳೆದ ಏಪ್ರಿಲ್‌ನಲ್ಲಿ ನಾನು ಹೀಗೆ ನಾಲ್ಕು ತಟ್ಟೆ ಕಳೆದುಕೊಂಡೆ. ಅಂಚಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ನೆರಳಿನಲ್ಲಿ ಒಂದು ವಾರ ಬಿಡಿ. ಮೊದಲ ಸಲ ಸುಟ್ಟ ನಂತರ ಕಬ್ಬಿಣದ ಆಕ್ಸೈಡನ್ನು ನೀರಿನಲ್ಲಿ ಕಲಸಿ ಹಚ್ಚಿ, ಒದ್ದೆ ಸ್ಪಂಜಿನಿಂದ ಒರೆಸಿದರೆ ಬಣ್ಣ ನರಗಳಲ್ಲಿ ಮಾತ್ರ ಉಳಿಯುತ್ತದೆ.