ಟೇಬಲ್ ಮೇಲೆ ನೀರಿನ ಕಲೆಯೇ? ಮೊದಲು ಬಣ್ಣ ನೋಡಿ

ಬೆಳಗಾವಿಯಲ್ಲಿ ಮಳೆ ಹಿಡಿದರೆ ಸುಮ್ನೆ ಬಿಡುವುದಿಲ್ಲ. ಮನೆಯ ಗಾಳಿಯೆಲ್ಲ ಹಸಿ ಹಸಿ. ಬಂದವರಿಗೆ ಬಿಸಿ ಚಹಾ ಕೊಡುತ್ತೇವೆ. ಕಪ್ ಎತ್ತಿದ ಜಾಗದಲ್ಲಿ ಬಿಳಿ ಉಂಗುರ ಉಳಿದಿರುತ್ತದೆ. ನಮ್ಮ ಅಜ್ಜನ ಸಾಗವಾನಿ ಟೇಬಲ್ ಮೇಲೆ ಅಂಥದ್ದೊಂದು ಕಂಡಾಗ ನಾನು ಗಾಬರಿಯಲ್ಲಿ ಸ್ಪಿರಿಟ್ ಹಚ್ಚಿ ತಿಕ್ಕಿದೆ. ಕಲೆಯ ಜೊತೆ ಅಂಗೈಯಗಲ ಪಾಲಿಶ್ ಕೂಡ ಎದ್ದು ಬಂತು. ಇವತ್ತಿಗೂ ಅದು ನನ್ನ ಮನಸ್ಸಿಗೆ ಚುಚ್ಚುತ್ತದೆ. ನಿಮ್ಮ ಮನೆಯಲ್ಲಿ ಹಾಗಾಗಬಾರದು.

ಕಲೆ ಬಿಳಿ ಇದ್ದರೆ ಪಸೆ ಪಾಲಿಶ್ ಪದರದಲ್ಲೇ ಸಿಕ್ಕಿಕೊಂಡಿದೆ, ಮರವನ್ನು ಮುಟ್ಟಿಲ್ಲ. ಇದನ್ನು ಮನೆಯಲ್ಲೇ ತೆಗೆಯಬಹುದು. ಕಪ್ಪಗಿದ್ದರೆ ನೀರು ಮರದೊಳಗೆ ಇಳಿದಿದೆ.

ಇನ್ನೊಂದು ಪರೀಕ್ಷೆ. ಟೇಬಲ್‌ನ ಕೆಳ ಅಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ, ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿ ಮುಟ್ಟಿಸಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಹಳೆಯ ಸಾಮಾನುಗಳಿಗೆ ಹೆಚ್ಚಾಗಿ ಇದನ್ನೇ ಹಚ್ಚುತ್ತಿದ್ದರು. ಇದು ಸ್ಪಿರಿಟ್‌ಗೂ ಕರಗುತ್ತದೆ, ಕಾವಿಗೂ ಮೆತ್ತಗಾಗುತ್ತದೆ. ನಾನು ಮಾಡದೆ ಬಿಟ್ಟದ್ದು ಈ ಪರೀಕ್ಷೆಯನ್ನೇ.

ಈಗ ಬಿಳಿ ಕಲೆ. ಒಣ ಬಟ್ಟೆಯಿಂದ ಒರೆಸಿ, ಒಂದೆರಡು ದಿನ ಫ್ಯಾನ್ ಗಾಳಿಗೆ ಬಿಡಿ. ಹೊಸ ಕಲೆ ಎಷ್ಟೋ ಸಲ ತಾನೇ ಹೋಗುತ್ತದೆ.

ಹೋಗದಿದ್ದರೆ ಕಾವು ಕೊಡಿ. ಹೇರ್ ಡ್ರೈಯರ್ ಅನ್ನು ಕಡಿಮೆ ಬಿಸಿಗೆ ಇಟ್ಟು, ಗೇಣು ದೂರದಿಂದ ಆಡಿಸುತ್ತಾ ಇರಿ. ಒಂದೇ ಕಡೆ ನಿಲ್ಲಿಸಬೇಡಿ. ಅರಗಿನ ಪಾಲಿಶ್ ಅಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆಯೂ ಆಗುತ್ತದೆ. ಅದರಲ್ಲಿ ನೀರಿರಬಾರದು, ಬಿಸಿ ತೀರಾ ಕಡಿಮೆ ಇರಬೇಕು. ಕಲೆಯ ಮೇಲೆ ಹಳೆಯ ಬಿಳಿ ಧೋತರದ ತುಂಡನ್ನು ಮಡಚಿ ಹಾಸಿ, ನಾಲ್ಕೈದು ಸೆಕೆಂಡು ಒತ್ತಿ, ಎತ್ತಿ ನೋಡಿ. ಮತ್ತೆ ಒತ್ತಿ, ಮತ್ತೆ ನೋಡಿ. ಬಣ್ಣದ ಬಟ್ಟೆ ಬೇಡ, ಬಣ್ಣ ಟೇಬಲ್‌ಗೆ ಹತ್ತಬಹುದು.

ಆಮೇಲೂ ಮಬ್ಬು ಉಳಿದರೆ ರಾತ್ರಿ ವ್ಯಾಸಲಿನ್ ಹಚ್ಚಿ ಬೆಳಿಗ್ಗೆ ಒರೆಸಿ. ಬಿಳಿ ಟೂತ್‌ಪೇಸ್ಟ್ ಕಟ್ಟಕಡೆಗೆ. ಅದು ಪಾಲಿಶ್ ಅನ್ನು ಸಣ್ಣಗೆ ಸವೆಸುತ್ತದೆ, ಹಾಗಾಗಿ ಮರದ ಎಳೆ ಹೋದ ದಿಕ್ಕಿಗೇ ಹಗುರವಾಗಿ ತಿಕ್ಕಿ. ಒರೆಸಿದ ಮೇಲೆ ವ್ಯಾಕ್ಸ್ ಪಾಲಿಶ್ ಹಚ್ಚಿದರೆ ಹೊಳಪು ಬರುತ್ತದೆ.

ಕಪ್ಪು ಕಲೆಗೆ ಇವು ಯಾವುವೂ ನಾಟುವುದಿಲ್ಲ. ಮರದ ಒಗರಿಗೆ ನೀರಿನ ಜೊತೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಟ್ಟ ಜಾಗ ನೋಡಿದ್ದೀರಿ ಅಲ್ವಾ? ಪಾಲಿಶ್ ಕೆರೆದು ಆಕ್ಸಾಲಿಕ್ ಆಮ್ಲ ಹಚ್ಚಬೇಕು. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ, ಪಾಲಿಶ್ ಕೆಲಸದವರಿಗೇ ಕೊಡಿ. ಪ್ಲೈವುಡ್ ಮೇಲೆ ವೀನಿಯರ್, ಅಂದರೆ ತೆಳ್ಳನೆಯ ಮರದ ಹಾಳೆ, ಅಂಟಿಸಿದ ಟೇಬಲ್ ಆದರೆ ನೀವು ಪಾಲಿಶ್ ಪೇಪರ್ ಮುಟ್ಟಲೇಬೇಡಿ. ಆ ಪದರ ಸಾಮಾನ್ಯವಾಗಿ 1 ಮಿಲಿಮೀಟರ್ ಕೂಡ ಇರುವುದಿಲ್ಲ, ತಿಕ್ಕಿದರೆ ತೂತೇ ಬೀಳುತ್ತದೆ.

ಕೆಲಸದವರನ್ನು ಮಳೆಯಲ್ಲಿ ಕರೆಯಬೇಡಿ. ಹಸಿ ಗಾಳಿಯಲ್ಲಿ ಹಚ್ಚಿದ ಅರಗಿನ ಪಾಲಿಶ್ ತಾನೇ ಬೆಳ್ಳಗಾಗುತ್ತದೆ. ವಿಜಯಪುರದ ಕಡೆ ಇಷ್ಟು ಕಾಯಬೇಕಿಲ್ಲ, ನಮ್ಮಲ್ಲಿ ಕಾಯಬೇಕು. ಅಜ್ಜನ ಟೇಬಲ್‌ಗೆ ದೀಪಾವಳಿ ಮುಗಿದು ಬಿಸಿಲು ಬಿದ್ದ ಮೇಲೆಯೇ ಪಾಲಿಶ್ ಹಚ್ಚಿಸಿದೆ.