ವೆಬ್ ಪುಟಕ್ಕೆ ಕೋಡ್ ಹಾಕುವಾಗ

ಗೆಳೆಯರೊಬ್ಬರು ತಮ್ಮ ಸಿ ಭಾಷೆಯ ಪಾಠವನ್ನು ನೋಡಲು ಕಳಿಸಿದ್ದರು. ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ‘#ಇನ್‌ಕ್ಲೂಡ್’ ಅಷ್ಟೇ ಇತ್ತು, ಮುಂದಿನ ‘ಎಸ್‌ಟಿಡಿಐಒ ಡಾಟ್ ಎಚ್’ ನಾಪತ್ತೆ. ಅವರೇನೋ ಬರೆದಿದ್ದರು. < > ಕೋನಕಂಸದೊಳಗೆ ಇದ್ದದ್ದರಿಂದ ಬ್ರೌಸರ್ ಅದನ್ನೂ ಟ್ಯಾಗ್ (ಪುಟದ ರಚನೆ ತಿಳಿಸುವ ಎಚ್‌ಟಿಎಂಎಲ್ ಗುರುತು) ಅಂದುಕೊಂಡು ನುಂಗಿಬಿಟ್ಟಿತ್ತು.

ಮೊದಲಿಗೆ, ಸ್ಕ್ರೀನ್‌ಶಾಟ್ ಹಾಕುವ ಸೋಮಾರಿತನ ಬೇಡ. ವಾಕ್ಯದ ನಡುವೆ ಬರುವ ತುಣುಕಿಗೆ ‘ಕೋಡ್’ ಟ್ಯಾಗ್ ಸಾಕು. ಹಲವು ಸಾಲುಗಳಿದ್ದರೆ ಹೊರಗೆ ‘ಪ್ರಿ’, ಒಳಗೆ ‘ಕೋಡ್’. ಇವೆರಡನ್ನೂ ತೆರೆದ ಸಾಲಿನಲ್ಲೇ ಪ್ರೋಗ್ರಾಂ ಶುರುವಾಗಲಿ. ‘ಕೋಡ್’ ತೆರೆದ ಮೇಲೆ ಎಂಟರ್ ಒತ್ತಿದರೆ ಮೇಲೊಂದು ಖಾಲಿ ಸಾಲು ಕೂರುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ‘ಪ್ರಿ’ ಒಳಗೆ ಹಾಕಿದರೆ ಎಲ್ಲವೂ ಇದ್ದ ಹಾಗೇ ಕಾಣುತ್ತದೆಂಬ ನಂಬಿಕೆ ತಪ್ಪು. ಅದು ಕಾಪಾಡುವುದು ಖಾಲಿ ಜಾಗ ಮತ್ತು ಸಾಲುಗಳನ್ನು ಮಾತ್ರ. < ಚಿಹ್ನೆ ಇರುವಲ್ಲೆಲ್ಲ &, ಎಲ್, ಟಿ, ಸೆಮಿಕೋಲನ್ ಈ ನಾಲ್ಕನ್ನು ಬಿಡುವಿಲ್ಲದೆ ಇಂಗ್ಲಿಷಿನಲ್ಲಿ ಬರೆಯಬೇಕು. > ಚಿಹ್ನೆಗೆ ಎಲ್ ಬದಲು ಜಿ. & ಚಿಹ್ನೆಯನ್ನೂ ಬದಲಿಸಬೇಕು: &, ಎ, ಎಂ, ಪಿ, ಸೆಮಿಕೋಲನ್. ಇದನ್ನು ಬಿಟ್ಟರೆ ಲಿಂಕಿನೊಳಗಿನ ‘&ಕಾಪಿ=2’ ಎಂಬುದು ‘©=2’ ಆಗಿ ಕಾಣುತ್ತದೆ, ನಂಬದಿದ್ದರೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿ. ಫೈಂಡ್-ರಿಪ್ಲೇಸ್ ಬಳಸುವವರು & ಅನ್ನೇ ಮೊದಲು ಮುಗಿಸಬೇಕು. ಕೊನೆಗಿಟ್ಟರೆ ಆಗಲೇ ಬದಲಿಸಿದ್ದರಲ್ಲಿರುವ & ಕೂಡ ಮತ್ತೆ ಬದಲಾಗಿ, ಓದುಗರಿಗೆ < ಬದಲು ಆ ನಾಲ್ಕು ಅಕ್ಷರಗಳೇ ಕಾಣುತ್ತವೆ. ‘ಎಕ್ಸ್‌ಎಂಪಿ’ ಟ್ಯಾಗ್ ಹಾಕಿದರೆ ಈ ರಗಳೆಯೇ ಇಲ್ಲ ಎಂದು ಯಾರಾದರೂ ಹೇಳಿಯಾರು. ಅದು ಎಚ್‌ಟಿಎಂಎಲ್‌ನಿಂದ ಹೊರಬಿದ್ದ ಹಳೆಯ ಟ್ಯಾಗ್, ಮುಟ್ಟಬೇಡಿ.

ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಮೊನೊಸ್ಪೇಸ್ (ಇಂಗ್ಲಿಷ್ ಅಕ್ಷರಗಳಿಗೆಲ್ಲ ಒಂದೇ ಅಗಲವಿರುವ) ಫಾಂಟ್, ಉದ್ದ ಸಾಲಿಗೆ ಅಡ್ಡ ಸ್ಕ್ರೋಲ್, ಟ್ಯಾಬಿಗೆ 8ರ ಬದಲು 4 ಅಂಕಣ. ಕೋಡಿನ ಪದಗಳಿಗೆ ಬಣ್ಣ ಹಚ್ಚಲು ಪ್ರಿಸಂ ಅಥವಾ ಹೈಲೈಟ್ ಜೆಎಸ್ ಲೈಬ್ರರಿ, ಯಾವುದಾದರೂ ಒಂದು. ಹಿನ್ನೆಲೆ ಮಾತ್ರ ತಿಳಿಯಾಗಿರಲಿ. ಬಿಳಿ ಪುಟದ ನಡುವಿನ ಕಪ್ಪು ಪೆಟ್ಟಿಗೆ ನನಗಂತೂ ಕಣ್ಣಿಗೆ ಚುಚ್ಚುತ್ತದೆ. ಕೋಡಿನೊಳಗಿನ ಕಾಮೆಂಟ್ (ವಿವರಣೆಯ ಟಿಪ್ಪಣಿ) ಕನ್ನಡದಲ್ಲಿದ್ದರೆ ಲೈನ್-ಹೈಟ್ 1.6ಕ್ಕಿಂತ ಇಳಿಸಬೇಡಿ, ‘ಸ್ತ್ರೀ’ಯ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇರುವುದಿಲ್ಲವಾದ್ದರಿಂದ ಕಾಮೆಂಟುಗಳನ್ನು ಸ್ಪೇಸ್ ಒತ್ತಿ ಒತ್ತಿ ನೇರ ಮಾಡಲು ಹೋಗಬೇಡಿ.

ಕೊನೆಗೆ, ನಿಮ್ಮದೇ ಪುಟದಿಂದ ಕಾಪಿ ಮಾಡಿ ಓಡಿಸಿ. ಗೆಳೆಯರು ಕೋನಕಂಸ ಸರಿಪಡಿಸಿದ ಮೇಲೂ ಪ್ರೋಗ್ರಾಂ ಓಡಲಿಲ್ಲ. ವರ್ಡ್ ಪ್ರೊಸೆಸರಿನಲ್ಲಿ ಟೈಪ್ ಮಾಡಿ ತಂದಿದ್ದರು, ನೇರ ಉದ್ಧರಣ ಚಿಹ್ನೆಗಳೆಲ್ಲ ಬಾಗಿಹೋಗಿದ್ದವು.